ಬಾಗುವುದೂ ಕುಸಿಯುವುದೂ

ಮಾನವನ ಗುಣಾವಗುಣಗಳನ್ನು ಹೇಳುವಾಗ ನಮ್ಮ ಭಾಷೆಯು ರೇಖೆಯ ಉಪಮೆಯನ್ನು ಹೇರಳವಾಗಿ ಬಳಸುತ್ತದೆ. ಸಜ್ಜನನನ್ನು ನೇರ ನಡೆಯವನೆನ್ನುತ್ತೇವೆ; ದುರ್ಜನನನ್ನು ವಕ್ರಬುದ್ಧಿಯವನೆನ್ನುತ್ತೇವೆ. ಅನ್ಯಾಯಕ್ಕೆ ಮಣಿಯದವನನ್ನು ಕೊಂಡಾಡುತ್ತೇವೆ. ಆದರೆ ಅದೇ ಭಾಷೆಯು ಹಿರಿಯರ ಮುಂದೆ ತಲೆಬಾಗಬೇಕೆಂದೂ, ಫಲ ತುಂಬಿದ ಕೊಂಬೆಯಂತೆ ವಿದ್ಯಾವಂತನು ಬಾಗಿರಬೇಕೆಂದೂ ಬೋಧಿಸುತ್ತದೆ. ಅಷ್ಟರಲ್ಲಿಯೇ ನಿಲ್ಲದೆ, ‘ಅತಿ ವಿನಯಂ ಧೂರ್ತಲಕ್ಷಣಂ’ ಎಂದು ಎಚ್ಚರಿಕೆಯನ್ನೂ ಕೊಡುತ್ತದೆ. ಹಾಗಾದರೆ ಬಾಗುವುದು ಗುಣವೋ ದೋಷವೋ? ಯಾವ ಬಾಗು ವಿನಯ, ಯಾವ ಬಾಗು ಶರಣಾಗತಿಯ ವೇಷದಲ್ಲಿರುವ ಹೇಡಿತನ? ಈ ಪ್ರಶ್ನೆಯು ಕೇವಲ ಪಂಡಿತರ ಚರ್ಚೆಗೆ ಸೇರಿದುದಲ್ಲ. ಕಛೇರಿಯಲ್ಲಿ ಮೇಲಧಿಕಾರಿಯ ಮಾತಿಗೆ ಒಪ್ಪಬೇಕೋ ಬೇಡವೋ ಎಂದು ತೊಳಲುವ ಗುಮಾಸ್ತನಿಗೂ, ಬೆಳೆದ ಮಗನ ಹಠದ ಮುಂದೆ ನಿಂತ ತಂದೆಗೂ, ಹೊಸ ಮನೆಗೆ ಬಂದ ಸೊಸೆಗೂ ಇದು ದಿನನಿತ್ಯದ ಪ್ರಶ್ನೆ.

ಈ ವಿಷಯವನ್ನು ವಿಚಾರಿಸಲು ನಾವು ಈ ಸಲ ಗ್ರಂಥಗಳನ್ನು ಬಿಟ್ಟು ಒಂದು ಕೈಕೆಲಸವನ್ನು ಆಶ್ರಯಿಸುತ್ತೇವೆ. ಅದು ಮನೆಯ ಹಿತ್ತಲಿನ ಪುಟ್ಟ ಕಾರ್ಯಾಗಾರದಲ್ಲಿ ಉಕ್ಕಿನ ಕೊಳವೆಯನ್ನು ಬಗ್ಗಿಸುವ ಕೆಲಸ. ಬಿದಿರನ್ನು ಸೀಳಿ ಬಗ್ಗಿಸಿ ಬುಟ್ಟಿ ಹೆಣೆದ ಮೇದಾರ ಕೇತಯ್ಯನವರನ್ನು ಶರಣರ ಸಾಲಿನಲ್ಲಿ ನೆನೆಯುವ ವಾಚಕರಿಗೆ ಇಂಥ ಆರಂಭವು ವಿಚಿತ್ರವೆನಿಸಲಾರದು.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ಎಂಬುದು ನಮ್ಮ ಪ್ರಸಿದ್ಧ ಗಾದೆ. ಬಾಲ್ಯದ ಸಂಸ್ಕಾರದ ಮಹತ್ವವನ್ನು ತಿಳಿಸುವಷ್ಟರ ಮಟ್ಟಿಗೆ ಇದು ಸತ್ಯವೇ. ಆದರೆ ಇದನ್ನೇ ಅಂತಿಮ ವಾಕ್ಯವೆಂದು ತಿಳಿದರೆ ವಯಸ್ಕನಿಗೆ ಪರಿವರ್ತನೆಯ ಬಾಗಿಲು ಮುಚ್ಚಿಹೋಗುತ್ತದೆ. ಮನುಷ್ಯನ ಕೈಗಳು ಈ ಗಾದೆಯನ್ನು ಮೀರಿ ಬಹಳ ಕಾಲವಾಗಿದೆ. ಮೈಕೇಲ್ ಥೋನೆಟ್ ಎಂಬ ಜರ್ಮನ್ ಬಡಗಿಯು ಬೀಚ್ ಮರದ ದಪ್ಪ ಕಡ್ಡಿಗಳನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸುವ ವಿಧಾನವನ್ನು ಕಂಡುಕೊಂಡನು. 1859ರಲ್ಲಿ ಅವನ ಸಂಸ್ಥೆಯು ಹೊರತಂದ ಹದಿನಾಲ್ಕನೆಯ ಸಂಖ್ಯೆಯ ಕುರ್ಚಿಯು ಜಗತ್ತಿನ ಉಪಾಹಾರ ಮಂದಿರಗಳನ್ನೆಲ್ಲ ತುಂಬಿತು. ಅವನ ಗುಟ್ಟು ಸರಳವಾಗಿತ್ತು. ಮರವನ್ನು ಬಗ್ಗಿಸಿದಾಗ ಒಳಮಗ್ಗುಲು ಒತ್ತಲ್ಪಡುತ್ತದೆ, ಹೊರಮಗ್ಗುಲು ಹಿಗ್ಗುತ್ತದೆ. ಬೆಂದ ಮರವು ಒತ್ತಡವನ್ನು ಸಹಿಸೀತು, ಹಿಗ್ಗುವಿಕೆಯನ್ನು ಸಹಿಸದೆ ಸಿಗಿದುಹೋದೀತು. ಆದುದರಿಂದ ಹೊರಮಗ್ಗುಲಿಗೆ ಲೋಹದ ಪಟ್ಟಿಯೊಂದನ್ನು ಬಿಗಿದು ಬಗ್ಗಿಸಿದರೆ, ಹಿಗ್ಗಬೇಕಾದ ಭಾಗ ಹಿಗ್ಗದೆ ಉಳಿಯುತ್ತದೆ, ಮರ ಒಡೆಯುವುದಿಲ್ಲ. ಮರವಾಗಿ ಬೆಳೆದುದೂ ಬಗ್ಗಬಲ್ಲದು. ಆದರೆ ಅದಕ್ಕೆ ಬಿಸಿಯೂ ಬೇಕು, ಹೊರಗಿನಿಂದ ಹಿಡಿದಿಡುವ ಆಸರೆಯೂ ಬೇಕು.

ಉಕ್ಕಿನ ಕೊಳವೆಯ ಕಥೆ ಇದಕ್ಕಿಂತ ಸೂಕ್ಷ್ಮವಾದುದು. ಏಕೆಂದರೆ ಅದರ ಒಡಲು ಟೊಳ್ಳು. ಟೊಳ್ಳು ಎಂಬ ಶಬ್ದವನ್ನು ನಾವು ನಿಂದೆಗೆ ಬಳಸುವುದುಂಟು. ಆದರೆ ಗೆಲಿಲಿಯೋ ತನ್ನ ಎರಡು ನೂತನ ವಿಜ್ಞಾನಗಳ ಕುರಿತ ಗ್ರಂಥದಲ್ಲಿ, 1638ರಷ್ಟು ಹಿಂದೆಯೇ, ಹಕ್ಕಿಯ ಎಲುಬನ್ನೂ ಜೊಂಡಿನ ಕಾಂಡವನ್ನೂ ತೋರಿಸಿ, ಸಮಾನ ತೂಕದ ಘನದಂಡಕ್ಕಿಂತ ಟೊಳ್ಳಾದ ದಂಡವು ಬಾಗುವಿಕೆಯನ್ನು ಹೆಚ್ಚು ಬಲವಾಗಿ ತಡೆಯುತ್ತದೆಂದು ವಿವರಿಸಿದನು. ದ್ರವ್ಯವು ನಡುವಿನಿಂದ ದೂರ ಸರಿದು ಅಂಚಿನಲ್ಲಿ ನಿಂತಷ್ಟೂ ಅದರ ಬಲ ಹೆಚ್ಚು. 1880ರ ದಶಕದಲ್ಲಿ ಜರ್ಮನಿಯ ರೆಮ್‌ಶೈಡ್ ಊರಿನ ಮ್ಯಾನೆಸ್ಮನ್ ಸಹೋದರರು ಜೋಡಣೆಯ ಗೆರೆಯೇ ಇಲ್ಲದಂತೆ ಘನವಾದ ಉಕ್ಕಿನ ಸಲಾಕೆಯಿಂದ ಕೊಳವೆಯನ್ನು ತೆಗೆಯುವ ಕ್ರಮವನ್ನು ರೂಪಿಸಿದರು. 1925ರಲ್ಲಿ ದೆಸೌ ನಗರದ ಬೌಹೌಸ್ ಶಾಲೆಯಲ್ಲಿದ್ದ ಮಾರ್ಸೆಲ್ ಬ್ರಾಯರ್ ಎಂಬ ತರುಣನು ತಾನು ಕೊಂಡ ಸೈಕಲ್ಲಿನ ಹ್ಯಾಂಡಲನ್ನು ನೋಡಿ, ಹೀಗೆ ಬಾಗಿ ಸವಾರನ ಭಾರವನ್ನು ಹೊರುವ ಕೊಳವೆಯು ಮನೆಯಲ್ಲಿ ಕುಳಿತವನ ಭಾರವನ್ನೇಕೆ ಹೊರಬಾರದೆಂದು ಯೋಚಿಸಿದನು. ಇಂದು ಶಾಲೆ, ಆಸ್ಪತ್ರೆ, ಕಲ್ಯಾಣಮಂಟಪಗಳಲ್ಲಿ ನಾವು ಕಾಣುವ ಉಕ್ಕಿನ ಕುರ್ಚಿಗಳ ವಂಶವು ಆ ಯೋಚನೆಯಿಂದ ಮೊದಲಾಯಿತು.

ಇನ್ನು ಕೆಲಸದ ಕಡೆಗೆ ಬರೋಣ. 25 ಮಿಲಿಮೀಟರ್ ವ್ಯಾಸದ, ಒಂದೂವರೆ ಮಿಲಿಮೀಟರ್ ದಪ್ಪದ ಗೋಡೆಯುಳ್ಳ ಕೊಳವೆಯನ್ನು 75 ಮಿಲಿಮೀಟರ್ ತ್ರಿಜ್ಯದ ಅಚ್ಚಿಗೆ ಒರಗಿಸಿ ಲಂಬಕೋನಕ್ಕೆ ಬಗ್ಗಿಸುವುದೆಂದು ಇಟ್ಟುಕೊಳ್ಳಿರಿ. ಬಾಗಿನ ಭಾಗದಲ್ಲಿ ನಡುಗೆರೆಯ ಉದ್ದವು 118 ಮಿಲಿಮೀಟರ್ ಆಗುತ್ತದೆ. ಆದರೆ ಹೊರಮೈ ಸುಮಾರು 137 ಮಿಲಿಮೀಟರಿಗೆ ಹಿಗ್ಗಬೇಕು, ಒಳಮೈ 98ಕ್ಕೆ ಕುಗ್ಗಬೇಕು. ಹಿಗ್ಗಿದ ಕಡೆ ಗೋಡೆಯು ತೆಳ್ಳಗಾಗಿ ಸುಮಾರು 1.3 ಮಿಲಿಮೀಟರಿಗೆ ಇಳಿಯುತ್ತದೆ. ಕುಗ್ಗಿದ ಕಡೆ ದಪ್ಪಗಾಗುತ್ತದೆ, ಎಚ್ಚರ ತಪ್ಪಿದರೆ ಸುಕ್ಕುಗಟ್ಟುತ್ತದೆ. ಇವೆರಡರ ನಡುವೆ ಹಿಗ್ಗದ, ಕುಗ್ಗದ ಒಂದು ರೇಖೆಯಿದೆ. ಅದನ್ನು ತಟಸ್ಥ ರೇಖೆಯೆನ್ನುತ್ತಾರೆ. ಬೆಸುಗೆಯ ಗೆರೆಯುಳ್ಳ ಕೊಳವೆಯನ್ನು ಬಗ್ಗಿಸುವಾಗ ಅನುಭವಸ್ಥನು ಆ ಗೆರೆಯನ್ನು ಹೊರಮೈಗೂ ಒಳಮೈಗೂ ಬಾರದಂತೆ, ಪಕ್ಕದಲ್ಲಿ, ಈ ತಟಸ್ಥ ರೇಖೆಯ ಮೇಲೆ ಇರಿಸುತ್ತಾನೆ. ಪ್ರತಿಯೊಬ್ಬನ ಬಾಳಿನಲ್ಲಿಯೂ ಒಂದು ಬೆಸುಗೆಯ ಗೆರೆ ಇದ್ದೇ ಇರುತ್ತದೆ. ಹಳೆಯ ದುಃಖವೋ, ಮುರಿದು ಕೂಡಿದ ಸಂಬಂಧವೋ ಆಗಿರಬಹುದು. ಬಾಗಬೇಕಾದ ಸಮಯ ಬಂದಾಗ ಅತಿ ಹೆಚ್ಚಿನ ಎಳೆತವು ಅದರ ಮೇಲೆಯೇ ಬೀಳದಂತೆ ನೋಡಿಕೊಳ್ಳುವುದು ವಿವೇಕ. ಮನೆಯ ಹಿರಿಯರು ಕಿರಿಯರನ್ನು ತಿದ್ದುವಾಗ ಇದನ್ನು ನೆನಪಿಡುವುದು ಒಳ್ಳೆಯದು.

ಕೊಳವೆಯನ್ನು ಬಗ್ಗಿಸುವವನು ಮೊದಲು ಕಲಿಯುವ ಪಾಠವೆಂದರೆ ಅದು ಹಿಂದಕ್ಕೆ ಚಿಮ್ಮುತ್ತದೆ ಎಂಬುದು. ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮದಂತೆ ಎಳೆತವಿದ್ದಷ್ಟೇ ಹಿಗ್ಗು. ಎಳೆತ ಹೋದರೆ ಹಿಗ್ಗೂ ಹೋಗುತ್ತದೆ. ಆದರೆ ಈ ಮರಳುವ ಗುಣಕ್ಕೆ ಎಲ್ಲೆಯಿದೆ. ಸಾಧಾರಣ ಮೆದು ಉಕ್ಕಿನಲ್ಲಿ ಆ ಎಲ್ಲೆ ಉದ್ದದ ಎಂಟುನೂರರಲ್ಲಿ ಒಂದು ಪಾಲಿನ ಆಸುಪಾಸಿನಲ್ಲಿದೆ. ಒಂದು ಮೀಟರಿಗೆ ಒಂದೂಕಾಲು ಮಿಲಿಮೀಟರ್ ಮಾತ್ರ. ಅದನ್ನು ದಾಟಿದ ಮೇಲೆಯೇ ಲೋಹವು ಹೊಸ ಆಕಾರವನ್ನು ತನ್ನದಾಗಿಸಿಕೊಳ್ಳುವುದು. ಹಾಗೆ ದಾಟಿದ ನಂತರವೂ ಕೈಬಿಟ್ಟೊಡನೆ ಒಂದೆರಡು ಅಂಶಗಳಷ್ಟಾದರೂ ಹಿಂದೆ ಸರಿಯುತ್ತದೆ. ಆದುದರಿಂದ 90 ಅಂಶ ಬೇಕಾದವನು ಅದಕ್ಕಿಂತ ತುಸು ಹೆಚ್ಚಾಗಿ ಬಗ್ಗಿಸಿ ಬಿಡುತ್ತಾನೆ. ಪುರಾಣ ಪ್ರವಚನವನ್ನು ಕೇಳಿದ ರಾತ್ರಿ ಮನಸ್ಸು ಬಾಗಿರುತ್ತದೆ. ಬೆಳಗಾಗುವಷ್ಟರಲ್ಲಿ ಮತ್ತೆ ನೆಟ್ಟಗಾಗಿರುತ್ತದೆ. ಇದಕ್ಕಾಗಿ ನಮ್ಮನ್ನು ನಾವು ಕಪಟಿಗಳೆಂದು ಹಳಿದುಕೊಳ್ಳಬೇಕಾಗಿಲ್ಲ. ಆ ಬಾಗು ಎಲ್ಲೆಯನ್ನು ದಾಟಿರಲಿಲ್ಲ, ಅಷ್ಟೆ. ವ್ರತಗಳು ನಿತ್ಯದ ಅಗತ್ಯಕ್ಕಿಂತ ಒಂದಿಷ್ಟು ಕಠಿಣವಾಗಿರುವುದು ಏಕೆಂಬುದಕ್ಕೂ ಇಲ್ಲಿ ಸಮಾಧಾನವಿದೆ. ಮನಸ್ಸು ಹಿಂದೆ ಸರಿದ ಮೇಲೂ ಬೇಕಾದಷ್ಟು ಉಳಿಯಲೆಂದೇ ಹಿರಿಯರು ಆ ಹೆಚ್ಚಳವನ್ನು ಇಟ್ಟರು.

ಎರಡನೆಯ ಪಾಠವು ಒಳಗಿನ ಸ್ಥಿತಿಗೆ ಸಂಬಂಧಿಸಿದುದು. ಬರಿದಾದ ಕೊಳವೆಯನ್ನು ಮೊಣಕಾಲಿಗೆ ಒತ್ತಿ ಬಗ್ಗಿಸಲು ಹೊರಟರೆ ಏನಾಗುತ್ತದೆ? ಮೊದಲು ದುಂಡಗಿದ್ದ ಅಡ್ಡಕೊಯ್ತವು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಚಪ್ಪಟೆಯಾದಂತೆಲ್ಲ ತಡೆಯುವ ಶಕ್ತಿ ಕುಗ್ಗುತ್ತದೆ. ಶಕ್ತಿ ಕುಗ್ಗಿದಂತೆಲ್ಲ ಇನ್ನಷ್ಟು ಚಪ್ಪಟೆಯಾಗುತ್ತದೆ. ಕೊನೆಗೆ ಒಂದು ಕ್ಷಣದಲ್ಲಿ, ಒಂದೇ ಸ್ಥಳದಲ್ಲಿ, ಮಡಿಕೆ ಬಿದ್ದು ಕುಸಿಯುತ್ತದೆ. ತೆಳುಗೋಡೆಯ ಕೊಳವೆಗಳ ಈ ನಡವಳಿಕೆಯನ್ನು ಬ್ರೇಜಿಯರ್ ಎಂಬ ವಿಜ್ಞಾನಿಯು 1927ರಲ್ಲಿ ಗಣಿತದಿಂದ ವಿವರಿಸಿದನು. ಬಾಗುವುದಕ್ಕೂ ಕುಸಿಯುವುದಕ್ಕೂ ಇರುವ ಭೇದವು ಇಲ್ಲಿ ಕಣ್ಣಿಗೆ ಕಾಣುತ್ತದೆ. ಬಾಗಿದ ಕೊಳವೆಯು ದಿಕ್ಕನ್ನು ಬದಲಿಸಿದೆ, ದುಂಡುತನವನ್ನು ಉಳಿಸಿಕೊಂಡಿದೆ. ಕುಸಿದ ಕೊಳವೆಯು ದಿಕ್ಕಿನೊಡನೆ ತನ್ನ ಒಡಲನ್ನೂ ಕಳೆದುಕೊಂಡಿದೆ. ವಿನಯಿಯೂ ಹೇಡಿಯೂ ಇಬ್ಬರೂ ತಗ್ಗುತ್ತಾರೆ. ದೂರದಿಂದ ನೋಡುವವನಿಗೆ ಇಬ್ಬರೂ ಒಂದೇ. ತಗ್ಗಿದ ಮೇಲೂ ಒಳಗಿನ ಅವಕಾಶ ಹಾಗೆಯೇ ಉಳಿದಿದೆಯೇ ಎಂಬುದನ್ನು ನೋಡಿದರೆ ಮಾತ್ರ ಭೇದ ತಿಳಿಯುತ್ತದೆ.

ಈ ಕುಸಿತವನ್ನು ತಪ್ಪಿಸಲು ಕೆಲಸಗಾರರು ಅನುಸರಿಸುವ ಹಳೆಯ ಉಪಾಯವೆಂದರೆ ಕೊಳವೆಯೊಳಗೆ ಮರಳು ತುಂಬುವುದು. ಒಂದು ತುದಿಗೆ ಮರದ ಬೆಣೆ ಹೊಡೆದು, ನಯವಾದ ಮರಳನ್ನು ಸುರಿದು, ಕೊಳವೆಯನ್ನು ಮೆಲ್ಲಗೆ ತಟ್ಟುತ್ತ ತಟ್ಟುತ್ತ ಸಂದಿಲ್ಲದಂತೆ ಗಟ್ಟಿಸಿ, ಇನ್ನೊಂದು ತುದಿಯನ್ನೂ ಮುಚ್ಚುತ್ತಾರೆ. ಆಗ ಗೋಡೆಯು ಒಳಕ್ಕೆ ಸರಿಯಲು ಸ್ಥಳವೇ ಇರುವುದಿಲ್ಲ. ಬೇರೆ ಬೇರೆ ಕಸುಬುಗಳಲ್ಲಿ ಬೇರೆ ಬೇರೆ ದ್ರವ್ಯಗಳಿವೆ: ಹಿತ್ತಾಳೆಯ ವಾದ್ಯಗಳನ್ನು ಮಾಡುವವರು ರಾಳವನ್ನು ತುಂಬುತ್ತಾರೆ, ಬಿಸ್ಮತ್ ಬೆರೆತ, ಸುಮಾರು 70 ಅಂಶ ಸೆಲ್ಸಿಯಸ್ ಶಾಖಕ್ಕೇ ಕರಗುವ ಮಿಶ್ರಲೋಹವೂ ಇದೆ. ಬಗ್ಗಿಸಿದ ಮೇಲೆ ಇವನ್ನೆಲ್ಲ ಹೊರತೆಗೆಯುತ್ತಾರೆ. ಆದರೆ ಮರಳು ಪೂರ್ಣವಾಗಿ ಒಣಗಿರಬೇಕು. ಒದ್ದೆ ಮರಳು ತುಂಬಿದ ಕೊಳವೆಯನ್ನು ಮುಚ್ಚಿ ಕೆಂಪಗೆ ಕಾಯಿಸಿದರೆ ನೀರು ಆವಿಯಾಗಿ ಸಾವಿರಾರು ಪಟ್ಟು ಹಿಗ್ಗಲು ಹವಣಿಸುತ್ತದೆ. ಬೆಣೆಯು ಗುಂಡಿನಂತೆ ಹಾರಿ ಪ್ರಾಣಾಪಾಯವಾಗಬಹುದು. ಸತುವಿನ ಲೇಪವುಳ್ಳ ಕೊಳವೆಯನ್ನು ಕಾಯಿಸಿದರೆ ಅದರ ಹೊಗೆಯಿಂದ ಚಳಿಜ್ವರ ಬರುತ್ತದೆ. ಆದ್ದರಿಂದ ಮನೆಯಲ್ಲಿ ಈ ಕೆಲಸಕ್ಕೆ ಕೈಹಾಕುವ ತರುಣರು ಇದನ್ನು ಉಪಮೆಯೆಂದು ಓದಿ ಬಿಡದೆ ಎಚ್ಚರಿಕೆಯೆಂದೇ ತಿಳಿಯತಕ್ಕದ್ದು. ನಮ್ಮ ಪ್ರಕೃತ ವಿಚಾರಕ್ಕೆ ಬೇಕಾದುದಿಷ್ಟು: ಹೊರಗಿನ ಬಲಕ್ಕೆ ಬಾಗಬೇಕಾದವನ ಒಳಗು ಬರಿದಾಗಿರಬಾರದು, ಶುದ್ಧವಲ್ಲದುದರಿಂದ ತುಂಬಿಯೂ ಇರಬಾರದು. ಅಸಮಾಧಾನವನ್ನು ಒಳಗೆ ತುಂಬಿಕೊಂಡು ಮೇಲೆ ತಲೆಬಾಗಿದವನು ಒದ್ದೆ ಮರಳಿನ ಕೊಳವೆಯಂತೆ. ಬಿಸಿ ಏರಿದ ದಿನ ಹತ್ತಿರವಿದ್ದವರಿಗೇ ಅಪಾಯ.

ಇಲ್ಲಿಯವರೆಗಿನ ವಿಚಾರವು ಸುಗಮವಾಗಿದೆ. ಇನ್ನು ಮುಂದಿನದು ಅಷ್ಟು ಸುಗಮವಲ್ಲ. ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಓದಿ, ಈಗ ನಿವೃತ್ತರಾಗಿ, ಹಿತ್ತಲಿನಲ್ಲಿ ಸಣ್ಣ ಕಾರ್ಯಾಗಾರವಿಟ್ಟುಕೊಂಡಿರುವ ಭಕ್ತರೊಬ್ಬರು ನಮ್ಮ ಮುಂದೆ ಒಂದು ಸಂಗತಿಯನ್ನು ನಿವೇದಿಸಿದರು. ನೆರೆಮನೆಯ ವೃದ್ಧೆಗೆ ಹಿಡಿದು ನಡೆಯಲು ನಾಲ್ಕು ಕಾಲಿನ ಊರುಗೋಲೊಂದನ್ನು ಅವರು ಉಕ್ಕಿನ ಕೊಳವೆಯಿಂದ ಮಾಡಿಕೊಟ್ಟರು. ಕೊನೆಯ ಬಾಗಿನಲ್ಲಿ ಕೊಳವೆ ಮಡಿಕೆ ಬಿದ್ದಿತು. ಬೇರೆ ಕೊಳವೆ ಕೈಯಲ್ಲಿರಲಿಲ್ಲ. ಕೊಡುತ್ತೇನೆಂದು ಹೇಳಿದ ದಿನವೂ ಬಂದಿತ್ತು. ಅದನ್ನು ಹಿಂದಕ್ಕೆ ನೆಟ್ಟಗೆ ಮಾಡಿ, ಸುತ್ತಿಗೆಯಿಂದ ಬಡಿದು ದುಂಡಗೆ ತಂದು, ಮತ್ತೆ ಬಗ್ಗಿಸಿ, ಉಳಿದ ತಗ್ಗಿಗೆ ಲಪ್ಪ ತುಂಬಿ, ಬಣ್ಣ ಬಳಿದು ಕೊಟ್ಟರು. ಆ ತಾಯಿ ಪ್ರತಿದಿನ ಅದನ್ನು ಹಿಡಿದು ಅಂಗಳದಲ್ಲಿ ನಡೆಯುತ್ತ ಇವರನ್ನು ಹರಸುತ್ತಾರೆ. ‘ಬುದ್ಧೀ, ಅದು ಮುರಿದಿಲ್ಲ, ನಾನು ಹಣ ತೆಗೆದುಕೊಂಡಿಲ್ಲ, ನನ್ನ ಮನಸ್ಸಿನಲ್ಲಿ ಕೇಡಿರಲಿಲ್ಲ. ಆದರೂ ಆ ಹರಕೆ ಕಿವಿಗೆ ಬಿದ್ದಾಗ ಸಂಕಟವಾಗುತ್ತದೆ. ನಾನು ಸುಳ್ಳು ಹೇಳಿದ್ದೇನೆಯೇ?’ ಎಂಬುದು ಅವರ ಪ್ರಶ್ನೆ.

ಈ ಮೂರು ಸಮಾಧಾನಗಳನ್ನು ಒಂದೊಂದಾಗಿ ಪರಿಶೀಲಿಸುವುದು ಯುಕ್ತ. ಮೊದಲನೆಯದು, ಇನ್ನೂ ಮುರಿದಿಲ್ಲವೆಂಬುದು. ಉಕ್ಕನ್ನು ಒಮ್ಮೆ ಎಲ್ಲೆ ಮೀರಿ ಬಗ್ಗಿಸಿದರೆ ಆ ಭಾಗ ಗಡುಸಾಗುತ್ತದೆ, ಆದರೆ ಇನ್ನೂ ಹಿಗ್ಗುವ ಸಾಮರ್ಥ್ಯವನ್ನು ಅಷ್ಟರಮಟ್ಟಿಗೆ ಕಳೆದುಕೊಂಡಿರುತ್ತದೆ. ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದ ತಂತಿ ಕೊನೆಗೆ ಕೈಯಲ್ಲಿಯೇ ತುಂಡಾಗುವುದನ್ನು ಮಕ್ಕಳೂ ಬಲ್ಲರು. ಒಂದು ದಿಕ್ಕಿಗೆ ಎಲ್ಲೆ ಮೀರಿ ಎಳೆದ ಲೋಹವು ಎದುರು ದಿಕ್ಕಿನ ಬಲಕ್ಕೆ ಮೊದಲಿಗಿಂತ ಬೇಗ ಮಣಿಯುತ್ತದೆಂದು ಮ್ಯೂನಿಕ್ಕಿನ ಬೌಶಿಂಗರ್ 1880ರ ದಶಕದಲ್ಲಿ ಪ್ರಯೋಗಗಳಿಂದ ತೋರಿಸಿದನು. ಕಣ್ಣಿಗೆ ಕಾಣದ ಬಿರುಕು ಪ್ರತಿ ಹೆಜ್ಜೆಯ ಭಾರಕ್ಕೆ ಕೂದಲೆಳೆಯಷ್ಟು ಮುಂದುವರಿಯಬಹುದು. ನಾವು ಮರೆತುದನ್ನು ಲೋಹವು ಮರೆಯುವುದಿಲ್ಲ. ಆದುದರಿಂದ ಇಷ್ಟು ದಿನ ಮುರಿಯಲಿಲ್ಲವೆಂಬುದು ಅದೃಷ್ಟದ ಮಾತು. ಕೃತಿಯ ಯೋಗ್ಯತೆಯ ಮಾತಲ್ಲ.

ಎರಡನೆಯದು, ಹಣ ತೆಗೆದುಕೊಳ್ಳಲಿಲ್ಲವೆಂಬುದು. ಮೇಲ್ನೋಟಕ್ಕೆ ಇದು ಹೊಣೆಯನ್ನು ಹಗುರ ಮಾಡುವಂತೆ ತೋರುತ್ತದೆ. ವಿಚಾರಿಸಿದರೆ ಹಾಗಲ್ಲ. ಅಂಗಡಿಯಲ್ಲಿ ಕೊಂಡವನು ತಿರುಗಿಸಿ ನೋಡುತ್ತಾನೆ, ಚೌಕಾಸಿ ಮಾಡುತ್ತಾನೆ, ಕೆಟ್ಟರೆ ಜಗಳಕ್ಕೆ ಬರುತ್ತಾನೆ. ದಾನವಾಗಿ ಪಡೆದವರಿಗೆ ಈ ಯಾವ ಅಧಿಕಾರವೂ ಇಲ್ಲ. ಅವರು ಕೊಟ್ಟವನ ಮುಖವನ್ನು ನೋಡುತ್ತಾರೆಯೇ ಹೊರತು ಕೊಟ್ಟ ವಸ್ತುವನ್ನಲ್ಲ. ಪರೀಕ್ಷಿಸುವ ಕೆಲಸವನ್ನು ಅವರು ಸಂಪೂರ್ಣವಾಗಿ ನಮಗೇ ಬಿಟ್ಟಿರುವುದರಿಂದ ದಾನದಲ್ಲಿ ಹೊಣೆಯು ವ್ಯಾಪಾರಕ್ಕಿಂತ ಹೆಚ್ಚು.

ಮೂರನೆಯದು, ಮನಸ್ಸಿನಲ್ಲಿ ಕೇಡಿರಲಿಲ್ಲವೆಂಬುದು. ಇದು ನಿಜ, ಮತ್ತು ಇದರ ಬೆಲೆ ಕಡಿಮೆಯಲ್ಲ. ಕೊಳವೆ ಮಡಿಕೆ ಬಿದ್ದುದು ಅಪರಾಧವಲ್ಲ. ಅಭ್ಯಾಸದಲ್ಲಿ ಅದು ಎಲ್ಲರಿಗೂ ಆಗುವುದೇ. ಅಪರಾಧವು ಮೊದಲಾದುದು ಲಪ್ಪದ ಡಬ್ಬಿಯನ್ನು ತೆರೆದಾಗ. ಅಲ್ಲಿಯವರೆಗೆ ಅವರು ಆ ತಾಯಿಯ ನಡಿಗೆಯನ್ನು ಕುರಿತು ಯೋಚಿಸುತ್ತಿದ್ದರು. ಆ ಕ್ಷಣದಿಂದ ತಮ್ಮ ಮಾತಿನ ಗಡುವನ್ನೂ ತಮ್ಮ ಕೈಯ ಕೀರ್ತಿಯನ್ನೂ ಕುರಿತು ಯೋಚಿಸತೊಡಗಿದರು. ಬಾಯಿಂದ ಒಂದು ಸುಳ್ಳನ್ನೂ ಆಡದೆ ಬಣ್ಣದಿಂದ ಸುಳ್ಳಾಡಬಹುದೆಂಬುದಕ್ಕೆ ಇದು ನಿದರ್ಶನ. ಸದ್ಭಾವವು ಅವರ ಎದೆಯಲ್ಲಿತ್ತು. ವೃದ್ಧೆಯ ಭಾರ ಬೀಳುತ್ತಿದ್ದುದು ಮಾತ್ರ ಕೊಳವೆಯ ಮೇಲೆ. ಎದೆಯಲ್ಲಿರುವುದು ಕೊಳವೆಗೆ ಇಳಿಯುವವರೆಗೆ ಕೆಲಸ ಮುಗಿದಿಲ್ಲ. ಕಾಯಕವೆಂಬ ಶಬ್ದಕ್ಕೆ ನಾವು ಕೊಡುವ ಗೌರವವೆಲ್ಲ ಈ ಇಳಿಯುವಿಕೆಗೆ ಸಲ್ಲತಕ್ಕದ್ದು.

ಹಾಗೆಂದು ಇನ್ನು ಮುಂದೆ ಉಳಿ ಸುತ್ತಿಗೆಗಳನ್ನು ಮುಟ್ಟುವುದಿಲ್ಲವೆಂದು ಅವರು ಶಪಥ ಮಾಡುವುದೂ ತರವಲ್ಲ. ಅದೂ ಒಂದು ಬಗೆಯ ಕುಸಿತವೇ. ಆ ಮನೆಗೆ ಇಂದೇ ಹೋಗಿ, ಇದರಲ್ಲೊಂದು ದೋಷವಿದೆ, ನಾನು ಬಲ್ಲೆ, ಬದಲಿಸಿ ತರುತ್ತೇನೆಂದು ಹೇಳಿ, ಹೊಸ ಕೊಳವೆ ಕೊಂಡು, ದೊಡ್ಡ ತ್ರಿಜ್ಯದಲ್ಲಿ ನಿಧಾನವಾಗಿ ಬಗ್ಗಿಸಿ, ಆ ಕಾಲನ್ನು ಪೂರ್ತಿ ಹೊಸದಾಗಿ ಮಾಡಬೇಕು. ಅಲ್ಲಿಯವರೆಗೆ ಆ ತಾಯಿಗೆ ಬೇರೆ ಆಸರೆಯನ್ನು ಒದಗಿಸಬೇಕು ಎಂದು ನಾವು ತಿಳಿಸಿದೆವು. ಹರಕೆಯ ಬದಲು ಒಂದು ದಿನ ಬೈಗುಳ ದೊರೆತರೂ ದೊರೆಯಲಿ. ಲಜ್ಜೆಗೆ ಒಡ್ಡಿಕೊಂಡು ಹಾಗೆ ಹೇಳುವುದೇ ನಿಜವಾದ ಬಾಗು. ಅಂಥವನು ದಿಕ್ಕು ಬದಲಿಸುತ್ತಾನೆ, ದುಂಡುತನ ಕಳೆದುಕೊಳ್ಳುವುದಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಉತ್ತರ ಹೇಳಲು ಒಂದು ಅಳತೆಗೋಲು ದೊರೆಯುತ್ತದೆ. ಅದಕ್ಕೆ ಕುರ್ಚಿಗಳ ಚರಿತ್ರೆಯಿಂದ ಇನ್ನೊಂದು ಸಂಗತಿಯನ್ನು ನೆನೆಯೋಣ. 1926ರಲ್ಲಿ ಹಾಲೆಂಡಿನ ಮಾರ್ಟ್ ಸ್ಟಾಮ್ ಎಂಬುವನು ಅನಿಲದ ಕೊಳವೆಗಳನ್ನು ಜೋಡಿಸಿ ಹಿಂಗಾಲುಗಳೇ ಇಲ್ಲದ ಕುರ್ಚಿಯನ್ನು ರೂಪಿಸಿದನು. ಮರುವರ್ಷ ಸ್ಟುಟ್‌ಗಾರ್ಟಿನ ವೈಸೆನ್‌ಹೋಫ್ ಪ್ರದರ್ಶನದಲ್ಲಿ ಅವನ ಕುರ್ಚಿಯೂ, ಮೀಸ್ ವಾನ್ ಡೆರ್ ರೋಹೆಯ ಕುರ್ಚಿಯೂ ಕಾಣಿಸಿಕೊಂಡವು. ಸ್ಟಾಮ್‌ನ ಕುರ್ಚಿಯ ಕೊಳವೆಗೆ ಒಳಗಿನಿಂದ ಬಲ ಕೊಟ್ಟಿದ್ದರು; ಅದು ಗಟ್ಟಿಯಾಗಿ ನಿಂತಿತು, ಅಲುಗಲಿಲ್ಲ. ಮೀಸ್ ಮುಂಗಾಲನ್ನು ವಿಶಾಲವಾದ ಅರ್ಧವೃತ್ತವಾಗಿ ಬಗ್ಗಿಸಿದ್ದನು. ಕುಳಿತವನ ಭಾರಕ್ಕೆ ಅದು ಹದವಾಗಿ ತಗ್ಗುತ್ತಿತ್ತು, ಎದ್ದೊಡನೆ ಮೇಲೇಳುತ್ತಿತ್ತು. ಎಲ್ಲೆ ಮೀರಿ ಬಗ್ಗಿಸಿದ ಉಕ್ಕೇ ಆ ಹೊಸ ಆಕಾರದಲ್ಲಿ ನೆಲೆನಿಂತು ಎಲ್ಲೆಯೊಳಗೆ ಮಣಿಯುತ್ತ ಮರಳುತ್ತ ಇನ್ನೊಬ್ಬನನ್ನು ಹೊತ್ತಿತು. ಬಗ್ಗಿಸಿದ್ದರಿಂದ ಅದರ ಬಲ ನಾಶವಾಗಲಿಲ್ಲ; ಬಲಕ್ಕೆ ಒಂದು ಪ್ರಯೋಜನ ದೊರೆಯಿತು.

ಇನ್ನೊಬ್ಬರಿಗೆ ಸ್ಥಳ ಮಾಡಿಕೊಡಲು ಬಾಗುವುದು ವಿನಯ. ತನಗೊಂದು ಸ್ಥಳ ದೊರಕಿಸಿಕೊಳ್ಳಲು ಬಾಗುವುದು ಧೂರ್ತತನ. ಗುಮಾಸ್ತನು ಮೇಲಧಿಕಾರಿಯ ಬಿರುಸಿನ ಮಾತನ್ನು ಕೆಲಸದ ಹಿತಕ್ಕಾಗಿ ಸಹಿಸಿದರೆ ಅದು ಬಾಗು; ಸುಳ್ಳು ಲೆಕ್ಕಕ್ಕೆ ರುಜು ಹಾಕಿದರೆ ಅದು ಮಡಿಕೆ. ತಂದೆಯು ಮಗನ ಆಯ್ಕೆಗೆ ಅವಕಾಶ ಕೊಟ್ಟರೆ ಬಾಗು. ಮಗನ ಅನ್ಯಾಯಕ್ಕೆ ಕಣ್ಣು ಮುಚ್ಚಿದರೆ ಮಡಿಕೆ. ಸೊಸೆಯ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಬಗ್ಗಿಸುವವನಿಗೂ ಧರ್ಮವಿದೆ. ಸಣ್ಣ ತ್ರಿಜ್ಯದ ಅಚ್ಚಿಗೆ ಒರಗಿಸಿ ಆತುರದಿಂದ ಎಳೆದು, ಕೊಳವೆ ಮಡಿಕೆ ಬಿದ್ದಾಗ ಉಕ್ಕನ್ನು ದೂಷಿಸುವ ಕೆಲಸಗಾರನನ್ನು ಯಾರೂ ನಿಪುಣನೆನ್ನುವುದಿಲ್ಲ. ಮನೆಗೆ ಬಂದವಳು ಕುಸಿದರೆ ಮೊದಲು ಪರೀಕ್ಷಿಸಬೇಕಾದುದು ಮನೆಯವರು ಇಟ್ಟ ಅಚ್ಚನ್ನು.

ಮಕ್ಕಳನ್ನೂ ಶಿಷ್ಯರನ್ನೂ ತಿದ್ದುವ ಹೊಣೆ ಹೊತ್ತ ನಾವೆಲ್ಲರೂ, ಮಠದವರೂ ಸೇರಿದಂತೆ, ಈ ಎರಡು ಎಚ್ಚರಗಳನ್ನೂ ಇಟ್ಟುಕೊಂಡು ನಡೆಯಬೇಕಾಗಿದೆ. ಬಗ್ಗಿಸುವ ಮೊದಲು ಒಳಗನ್ನು ತುಂಬಬೇಕು; ತುಂಬುವುದನ್ನು ಒಣಗಿಸಿ ಶುದ್ಧಮಾಡಿರಬೇಕು; ಬಗ್ಗಿಸುವಾಗ ತ್ರಿಜ್ಯವನ್ನು ಉದಾರವಾಗಿ ಇಡಬೇಕು; ಮಡಿಕೆ ಬಿದ್ದರೆ ಬಣ್ಣ ಬಳಿಯದೆ ಹೇಳಿಬಿಡಬೇಕು. ಸದ್ಭಕ್ತರು ತಮ್ಮ ಮನೆಗಳಲ್ಲಿ ತಾವು ಕೈಯಾರೆ ಮಾಡಿಕೊಟ್ಟ ವಸ್ತುಗಳನ್ನು, ಆಡಿದ ಮಾತುಗಳನ್ನು, ಒಮ್ಮೆ ಈ ದೃಷ್ಟಿಯಿಂದ ಪರಿಶೀಲಿಸಿ, ಬದಲಿಸಬೇಕಾದುದಿದ್ದರೆ ಬದಲಿಸಲೆಂದು ಹಾರೈಸುತ್ತೇವೆ.